ಅಕ್ಕರೆ, ಇಕ್ಕರೆ

ಸಂಜೆ ಏಳು ಗಂಟೆ ಹೊಡೆಯಿತೆಂದರೆ ತಂಪಾನೂರಿನ ನಮ್ಮ ಮನೆಯಲ್ಲಿ ಕುರುಕ್ಷೇತ್ರ. ಟೆಲಿವಿಷನ್ ಒಂದು, ಹಕ್ಕುದಾರರು ನಾಲ್ವರು. ನಮ್ಮ ತಾಯಿಯವರಿಗೆ ಕನ್ನಡ ಧಾರಾವಾಹಿ, ಮಗನಿಗೆ ಕ್ರಿಕೆಟ್ಟು, ಮನೆಯವರಿಗೆ ಮಲಯಾಳದ ಹಾಡಿನ ಸ್ಪರ್ಧೆ, ನಮಗೆ ವಾರ್ತೆ. ಬೇಕಾದ ಚಾನೆಲುಗಳನ್ನು ನಾವೇ ಆರಿಸಿ ಹಣ ತೆರಬೇಕೆಂಬ ನಿಯಮ 2019ರಲ್ಲಿ ಬಂದಮೇಲೆ ಕನ್ನಡದ ಚಾನೆಲುಗಳಿಗೆ ಬೇರೆಯಾಗಿಯೇ ಕೊಡುತ್ತಿದ್ದೇವೆ. ಹೀಗಾಗಿ ಕನ್ನಡ ಹಾಕದ ದಿನ ದುಡ್ಡು ದಂಡವಾಯಿತೆಂದು ತಾಯಿಯವರ ಕೊರಗು.

ಆದರೆ ಒಮ್ಮೆ ಬಿಟ್ಟಿಯಾಗಿಯೇ ಕನ್ನಡ ಬಂದಿತ್ತು. 2021ರ ಮೇ ತಿಂಗಳು. ಕೇರಳದ ಹೊಸ ಶಾಸಕರು ಪ್ರಮಾಣವಚನ ಸ್ವೀಕರಿಸುವುದನ್ನು ಟೆಲಿವಿಷನ್ನಿನಲ್ಲಿ ತೋರಿಸುತ್ತಿದ್ದರು. ನಾವು ಪತ್ರಿಕೆ ಮಗುಚುತ್ತ ಅರೆಗಿವಿಯಲ್ಲಿ ಕೇಳುತ್ತಿದ್ದೆವು. ಮಂಜೇಶ್ವರದ ಎ. ಕೆ. ಎಂ. ಅಶ್ರಫ್ ಅವರ ಸರದಿ ಬಂತು. ಅವರು ಆಡಿದ್ದು ಕನ್ನಡ! ತಾಯಿಯವರು ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದರು. ಬರುವಷ್ಟರಲ್ಲಿ ಮುಗಿದುಹೋಗಿತ್ತು. "ಇನ್ನೊಂದು ಸಲ ಹೇಳಿಸಬಾರದೇ?" ಎಂದರು. ಶಾಸನಸಭೆಯಲ್ಲಿ ಅದಕ್ಕೆ ಅವಕಾಶವಿಲ್ಲವೆಂದು ತಿಳಿಯಹೇಳಬೇಕಾಯಿತು.

ಕಾಸರಗೋಡಿನ ಕಡೆಯ ಸುದ್ದಿಯೆಂದರೆ ನಮ್ಮ ಮನೆಯಲ್ಲಿ ಎಲ್ಲರ ಕಿವಿಯೂ ನಿಮಿರುತ್ತದೆ. 2022ರ ಅಕ್ಟೋಬರಿನಲ್ಲಿ ಕುಂಬಳೆಯ ಬಳಿ ಅನಂತಪುರದ ಕೆರೆ ದೇವಸ್ಥಾನದ ಮೊಸಳೆ ಬಬಿಯಾ ತೀರಿಕೊಂಡಿತು. ಮನುಷ್ಯರಿಗೆ ಸಲ್ಲುವಂಥ ಅಂತಿಮ ದರ್ಶನವೇ ಅದಕ್ಕೂ ಸಂದಿತು. ನೈವೇದ್ಯದ ಅನ್ನ ತಿಂದು ಬದುಕಿದ್ದ ಸಾಧುಪ್ರಾಣಿ ಎಂದು ಪ್ರತೀತಿ. ಕೆರೆಯ ಮೀನನ್ನೂ ಮುಟ್ಟುತ್ತಿರಲಿಲ್ಲವಂತೆ. ಈ ವಿಷಯದಲ್ಲಿ ಮೀನುಗಳ ಸಾಕ್ಷ್ಯವನ್ನು ಮಾತ್ರ ಯಾರೂ ತೆಗೆದುಕೊಂಡಂತಿಲ್ಲ. ಹಿಂದೆ 1945ರಲ್ಲಿ ಒಬ್ಬ ಆಂಗ್ಲ ಸಿಪಾಯಿ ಅಲ್ಲಿದ್ದ ಮೊಸಳೆಯನ್ನು ಗುಂಡಿಕ್ಕಿ ಕೊಂದನೆಂದೂ ಕೆಲವೇ ದಿನಗಳಲ್ಲಿ ಬಬಿಯಾ ಕಾಣಿಸಿಕೊಂಡಿತೆಂದೂ ಕಥೆ. ಅದಕ್ಕೆ ತಕ್ಕಂತೆ 2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಮತ್ತೊಂದು ಮೊಸಳೆ ತಲೆಯೆತ್ತಿತು. ಎಲ್ಲಿಂದ ಬಂತೆಂದು ಬಲ್ಲವರಿಲ್ಲ.

ನಮ್ಮೂರಿನ ಪದ್ಮನಾಭಸ್ವಾಮಿಗೆ ಆ ಅನಂತಪುರವೇ ಮೂಲಸ್ಥಾನವೆಂದು ನಂಬಿಕೆ. ವಿಲ್ವಮಂಗಳ ಸ್ವಾಮಿಗಳ ಕೈಗೆ ಸಿಗದೆ ಓಡಿದ ಬಾಲಕ ಅಲ್ಲಿಯ ಗುಹೆಯನ್ನು ಹೊಕ್ಕು ಅನಂತನ ಕಾಡಿನಲ್ಲಿ, ಎಂದರೆ ಇಂದಿನ ತಿರುವನಂತಪುರದಲ್ಲಿ, ಪ್ರಕಟನಾದನಂತೆ. ಇದನ್ನು ಕೇಳಿದ ಮಗ, ಗುಹೆಯೊಳಗಿಂದ ಇಲ್ಲಿಗೆ ಎಷ್ಟು ಹೊತ್ತಿನ ದಾರಿ ಎಂದು ವಿಚಾರಿಸಿದ. ಗುಹೆಯದು ಗೊತ್ತಿಲ್ಲ, 2023ರ ಏಪ್ರಿಲಿನಲ್ಲಿ ನಮ್ಮ ತಂಪಾನೂರಿನ ನಿಲ್ದಾಣದಿಂದ ಹೊರಟ ವಂದೇ ಭಾರತ್ ರೈಲಿಗೆ ಕಾಸರಗೋಡು ಸುಮಾರು ಎಂಟು ಗಂಟೆಯ ಹಾದಿ.

ಇಲ್ಲಿಯ ದೇವಸ್ಥಾನದ ಅರ್ಚಕರಾದ ನಂಬಿಗಳಲ್ಲಿ ಅಕ್ಕರೆದೇಶಿ, ಇಕ್ಕರೆದೇಶಿ ಎಂದು ಎರಡು ಪಂಗಡ. ಅಕ್ಕರೆದೇಶಿಯವರು ಚಂದ್ರಗಿರಿ ಹೊಳೆಯ ಆಚೆಯವರು, ನಮ್ಮ ಸೀಮೆಯವರು. ಮಲಯಾಳದಲ್ಲಿ ಅಕ್ಕರೆ ಎಂದರೆ ಆಚೆಯ ದಡ. ನಮಗೋ ಅಕ್ಕರೆ ಎಂದರೆ ಪ್ರೀತಿ. ತಾಯಿಯವರು ಈ ನಾಡಿಗೆ ಬಂದ ಹೊಸತರಲ್ಲಿ ಎರ್ನಾಕುಳದ ದೋಣಿಕಟ್ಟೆಯಲ್ಲಿ ಫೋರ್ಟ್ ಕೊಚ್ಚಿಯ ದಾರಿ ಕೇಳಿದರಂತೆ. ಒಬ್ಬಾತ ನೀರಿನಾಚೆಗೆ ಕೈತೋರಿ, ನಗುತ್ತ, "ಅಕ್ಕರೆ" ಎಂದನಂತೆ. ಗುರುತಿಲ್ಲದವರ ಮೇಲೂ ಇಷ್ಟು ಪ್ರೀತಿ ತೋರುವ ಜನರಿದ್ದಾರೆಂದು ಅವರು ಊರಿಗೆ ಕಾಗದ ಬರೆದಿದ್ದರು. ಅರ್ಥ ತಿಳಿದ ಮೇಲೂ ಆ ಅಭಿಪ್ರಾಯವನ್ನು ಅವರು ಬದಲಿಸಿಲ್ಲವೆನ್ನಿ.

ನಗೆಯ ಮಾತು ಹಾಗಿರಲಿ. ಓದುಗರಲ್ಲಿ ಅನೇಕರ ಮನೆಯ ಚಿಂತೆಯೇ ನಮ್ಮದೂ. ಮಗನಿಗೆ ಕನ್ನಡ ಪೂರಾ ಅರ್ಥವಾಗುತ್ತದೆ. ಉತ್ತರ ಮಾತ್ರ ಮಲಯಾಳದಲ್ಲಿ. ಅಜ್ಜಿ ಈ ದಡದಿಂದ ಕೂಗಿದರೆ ಮೊಮ್ಮಗ ಆ ದಡದಿಂದ ಓಗೊಡುತ್ತಾನೆ. ಧಾರಾವಾಹಿ ನೋಡಿದರೆ ಮಾತು ಬಂದೀತೆಂದು ನಾವು ನಂಬಿದ್ದೆವು. ಬರಲಿಲ್ಲ. ಅತ್ತೆ ಸೊಸೆಯರು ಅರ್ಧ ಗಂಟೆ ದುರುಗುಟ್ಟಿ ನೋಡಿದರೆ ಹುಡುಗ ಕಲಿಯುವುದಾದರೂ ಏನನ್ನು?

ಪ್ರಯೋಜನಕ್ಕೆ ಬಂದದ್ದು ಚಂದನದ 'ಥಟ್ ಅಂತ ಹೇಳಿ'. ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ ರಸಪ್ರಶ್ನೆ. ಸರಿಯುತ್ತರಕ್ಕೆ ಲಕ್ಷವಿಲ್ಲ, ಕೋಟಿಯಿಲ್ಲ. ಕನ್ನಡದ ಪುಸ್ತಕವೇ ಬಹುಮಾನ. ಅಜ್ಜಿ ಮೊಮ್ಮಗ ಎದುರುಬದುರು ಕೂತು ಪೈಪೋಟಿಯ ಮೇಲೆ ಉತ್ತರ ಹೇಳುತ್ತಾರೆ. ಮಲಯಾಳದಲ್ಲಿ ಹೇಳಿದ ಉತ್ತರ ಸರಿಯಾಗಿದ್ದರೂ ಅಜ್ಜಿಯ ನ್ಯಾಯಾಲಯದಲ್ಲಿ ಸಲ್ಲದು. ಹುಡುಗ ಬಹಳ ದಿನ ಸಿಡುಕಿದ. ಕಳೆದ ತಿಂಗಳು ಒಂದು ಸಂಜೆ ತಡೆಯಲಾರದೆ, ಅಚ್ಚಗನ್ನಡದಲ್ಲಿ, "ಅಯ್ಯೋ ಅಜ್ಜೀ, ಅದು ಕಾವೇರಿ ಅಲ್ಲ, ತುಂಗಭದ್ರೆ!" ಎಂದು ಕೂಗಿಬಿಟ್ಟ. ಉತ್ತರ ಕಾವೇರಿಯೇ ಆಗಿತ್ತು. ಅಜ್ಜಿಯ ಕಣ್ಣಲ್ಲಿ ನೀರು.

ತಪ್ಪು ಉತ್ತರಕ್ಕೂ ಬಹುಮಾನ ಕೊಟ್ಟೇಬಿಟ್ಟರು. ತಮ್ಮ ಟ್ರಂಕಿನಿಂದ ನಾ. ಕಸ್ತೂರಿಯವರ 'ಅನರ್ಥಕೋಶ' ತೆಗೆದು, ಬೈಂಡು ಬಿಚ್ಚಿದ್ದನ್ನು ಅಂಟಿಸಿ, ಅವನ ಕೈಗಿತ್ತರು. ಕಸ್ತೂರಿಯವರು ಇದೇ ಕೇರಳದವರು, ತ್ರಿಪ್ಪೂಣಿತ್ತುರದ ಕಡೆ ಹುಟ್ಟಿದವರು, ಮನೆಮಾತು ಮಲಯಾಳ. ಮೈಸೂರಿಗೆ ಮೇಷ್ಟರಾಗಿ ಹೋಗಿ ಕನ್ನಡ ಕಲಿತು ಕನ್ನಡಿಗರನ್ನೇ ನಗಿಸಿದರು. ಇದನ್ನು ಹೇಳಿದಾಗ ಮಗ, "ಹಾಗಾದರೆ ಅವರೂ ನನ್ನ ಹಾಗೇ ತಪ್ಪುತ್ತಿದ್ದರೇ?" ಎಂದು ಕೇಳಿದ.

ಈಗ ದಿನಕ್ಕೆ ನಾಲ್ಕು ಸಾಲಿನಂತೆ ಅಜ್ಜಿಯೆದುರು ಕೂತು ಓದುತ್ತಿದ್ದಾನೆ. ಮೂರು ವಾರವಾಯಿತು, ಇನ್ನೂ ಅಕಾರ ದಾಟಿಲ್ಲ.