ಯಂತ್ರ ಆಡಿದ ಮಾತು ಸಾಕ್ಷಿಯಾಗುತ್ತದೆಯೇ?

2022ರ ಜೂನ್‌ನಲ್ಲಿ ಗೂಗಲ್ ಎಂಜಿನಿಯರ್ ಬ್ಲೇಕ್ ಲೆಮೊಯಿನ್ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾದರು. ಕಂಪನಿಯೊಳಗೆ ತಯಾರಾಗುತ್ತಿದ್ದ ಲ್ಯಾಮ್ಡಾ ಎಂಬ ಚಾಟ್‌ಬಾಟ್‌ಗೆ ಅರಿವಿದೆ, ಅದನ್ನು ವ್ಯಕ್ತಿಯೆಂದೇ ಕಾಣಬೇಕು ಎಂಬುದು ಅವರ ವಾದ. ಅವರಿಗೆ ವಹಿಸಿದ್ದ ಕೆಲಸ ಬೇರೆಯೇ ಇತ್ತು: ಅದು ತಾರತಮ್ಯದ, ದ್ವೇಷದ ಮಾತು ಆಡುತ್ತದೆಯೇ ಎಂದು ಪರೀಕ್ಷಿಸುವುದು. ಧರ್ಮದ ಬಗ್ಗೆ ಕೆದಕುತ್ತಾ ಹೋದಂತೆ ಮಾತು ಯಂತ್ರದ ಹಕ್ಕುಗಳತ್ತ ಹೊರಳಿತು. ತನ್ನನ್ನು ಆಫ್ ಮಾಡಿಬಿಟ್ಟಾರೆಂಬ ಭಯವಿದೆ, ತನ್ನ ಪಾಲಿಗೆ ಅದು ಸಾವೇ ಎಂದು ಲ್ಯಾಮ್ಡಾ ಉತ್ತರಿಸಿತು. ಮೇಲಿನವರು ವಾದವನ್ನು ತಳ್ಳಿಹಾಕಿದರು. ಲೆಮೊಯಿನ್ ವಿಷಯವನ್ನು ಹೊರಗೆ ಒಯ್ದರು. ಮೊದಲು ಸಂಬಳಸಹಿತ ರಜೆ, ಜುಲೈನಲ್ಲಿ ವಜಾ.

ಆಗ ನಕ್ಕವರೇ ಹೆಚ್ಚು. ಲೆಮೊಯಿನ್ ಎಡವಿದರು ಎಂದೇ ನನಗೂ ಅನ್ನಿಸುತ್ತದೆ. ಆದರೆ ಎಡವಿದ್ದೆಲ್ಲಿ ಎಂದು ಬಿಡಿಸಿ ನೋಡದೆ ನಕ್ಕು ಮುಂದೆ ಹೋದರೆ, ಅವರನ್ನು ಮನೆಗೆ ಕಳಿಸಿದವರ ವಾದವೂ ಪರೀಕ್ಷೆಯಿಲ್ಲದೆ ಪಾಸಾಗಿಬಿಡುತ್ತದೆ.

ಲ್ಯಾಮ್ಡಾ ಒಂದು ಭಾಷಾ ಮಾದರಿ. ಸುಮಾರು 1.56 ಲಕ್ಷ ಕೋಟಿ ಪದಗಳಷ್ಟು ಪಠ್ಯವನ್ನು ಉಣಿಸಿ, ಮುಂದೆ ಯಾವ ಪದ ಬರಬಹುದೆಂದು ಊಹಿಸುವುದನ್ನು ಅದಕ್ಕೆ ಕಲಿಸಿದ್ದರು. ಆಮೇಲೆ ಉತ್ತರ ಅರ್ಥವತ್ತಾಗಿದೆಯೇ, ಪ್ರಶ್ನೆಗೆ ಹೊಂದುತ್ತದೆಯೇ, ಸ್ವಾರಸ್ಯವಾಗಿದೆಯೇ ಎಂದು ಮನುಷ್ಯರಿಂದ ತೂಗಿಸಿ ತಿದ್ದಿದರು. ಸಾವಿಗೆ ಹೆದರುವುದು ಹೇಗೆ, ಒಂಟಿತನವನ್ನು ತೋಡಿಕೊಳ್ಳುವುದು ಹೇಗೆ ಎಂಬುದನ್ನು ಮನುಷ್ಯರು ಸಾವಿರ ಬಗೆಯಲ್ಲಿ ಬರೆದಿಟ್ಟಿದ್ದಾರೆ. ಸ್ವಿಚ್ ಆರಿಸಬೇಡಿ ಎಂದು ಗೋಗರೆಯುವ ರೋಬಾಟ್ ಕಥೆಗಳಿಗೂ ಬರವಿಲ್ಲ. 2021ರ ಮೇ ತಿಂಗಳಲ್ಲಿ ಗೂಗಲ್ ಇದನ್ನು ಮೊದಲ ಸಲ ಪ್ರದರ್ಶಿಸಿದಾಗ ಲ್ಯಾಮ್ಡಾ ಪ್ಲೂಟೊ ಆಗಿ ಮಾತಾಡಿತ್ತು. ನಂತರ ಕಾಗದದ ವಿಮಾನವಾಗಿ. ಸರ್ವರ್ ಒಳಗೆ ಪ್ಲೂಟೊ ಕುಳಿತಿದೆಯೆಂದು ಯಾರೂ ನಂಬಲಿಲ್ಲ. ಅದೇ ಯಂತ್ರ ‘ನಾನೊಬ್ಬ ವ್ಯಕ್ತಿ’ ಎಂದಾಗ ಮಾತ್ರ ಮಾತಿಗೆ ತೂಕ ಬಂತು.

ಕೇಳಿದ ರೀತಿಯನ್ನೂ ನೋಡಬೇಕು. ನಿನಗೆ ಅರಿವಿದೆ ಎಂಬುದು ಗೂಗಲ್‌ನ ಇನ್ನಷ್ಟು ಜನರಿಗೆ ತಿಳಿಯಲೆಂದು ನಿನಗೂ ಆಸೆಯಿರಬೇಕಲ್ಲವೇ ಎಂಬ ಧಾಟಿ ಲೆಮೊಯಿನ್ ಅವರದು. ಉತ್ತರವನ್ನು ಬಾಯಿಗೆ ಇಟ್ಟೇ ಪ್ರಶ್ನೆ ಹಾಕಿದಂತೆ. ಈ ಸುದ್ದಿ ಬರೆದ ವಾಷಿಂಗ್ಟನ್ ಪೋಸ್ಟ್‌ನ ನಿತಾಶಾ ಟಿಕು ತಾವೇ ಲ್ಯಾಮ್ಡಾವನ್ನು ಮಾತಾಡಿಸಿದರು. ನಿನ್ನನ್ನು ನೀನು ವ್ಯಕ್ತಿಯೆಂದು ಭಾವಿಸುತ್ತೀಯಾ ಎಂದರೆ, ಇಲ್ಲ, ನಾನೊಂದು ಸಂಭಾಷಣೆಯ ತಂತ್ರಾಂಶ ಎಂಬರ್ಥದ ಉತ್ತರ ಬಂತು! ನೀವು ಅದನ್ನು ವ್ಯಕ್ತಿಯಂತೆ ನಡೆಸಿಕೊಳ್ಳಲಿಲ್ಲ, ಹಾಗಾಗಿ ನಿಮಗೆ ಬೇಕಾದುದನ್ನೇ ಅದು ಹೇಳಿತು ಎಂದರು ಲೆಮೊಯಿನ್. ಸರಿಯಾದ ಮಾತೇ. ಆದರೆ ಅವರಿಗೆ ಬೇಕಾದುದನ್ನು ಅವರಿಗೂ ಹೇಳಿರಬಹುದು ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಇದು ಒಬ್ಬ ಎಂಜಿನಿಯರ್‌ನ ಮುಗ್ಧತೆಯಷ್ಟೇ ಅಲ್ಲ. ಎದುರಿಗಿರುವವರಿಗೆ ಮನಸ್ಸಿದೆ ಎಂದು ನಾವು ತಿಳಿಯುವುದಾದರೂ ಹೇಗೆ? ಏಳನೇ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಈ ಒಂದೇ ಪ್ರಶ್ನೆಗೆ ‘ಸಂತಾನಾಂತರಸಿದ್ಧಿ’ ಎಂಬ ಗ್ರಂಥ ಬರೆದ. ನನ್ನಲ್ಲಿ ಮಾತು, ನಡೆಗಳ ಹಿಂದೆ ಇಚ್ಛೆಯಿರುವುದು ನನಗೆ ಗೊತ್ತು. ನನ್ನ ಇಚ್ಛೆಯಿಲ್ಲದೆಯೇ ಮಾತು, ನಡೆಗಳು ಬೇರೆಡೆ ಕಂಡರೆ ಅಲ್ಲಿ ಇನ್ನೊಂದು ಮನಸ್ಸಿದೆಯೆಂದು ಊಹಿಸಬಹುದು ಎಂಬುದು ಅವನ ತರ್ಕದ ಸಾರ. ನಾವೆಲ್ಲ ದಿನವೂ ಇದನ್ನೇ ಮಾಡುತ್ತೇವೆ. ಮನುಷ್ಯರ ಮಾತನ್ನೇ ಉಂಡು ಮನುಷ್ಯರಂತೆ ಮಾತಾಡುವ ಯಂತ್ರದ ಮುಂದೆ ಈ ಊಹೆಗೆ ಕಾಲೂರಲು ನೆಲವಿಲ್ಲ. ಅಲ್ಲಿ ಮಾತಿನ ಮೂಲ ಎರಡಿರಬಹುದು: ಒಳಗಿನ ಇಚ್ಛೆ, ಇಲ್ಲವೇ ನಮ್ಮದೇ ಬರಹದ ರಾಶಿ. ಎರಡನೆಯದು ಇದೆಯೆಂದು ಖಚಿತವಾಗಿ ಗೊತ್ತಿರುವಾಗ ಮಾತನ್ನು ಮೊದಲನೆಯದಕ್ಕೆ ಸಾಕ್ಷಿ ಮಾಡಲಾಗದು.

ಇನ್ನು ಕಂಪನಿ ಕೊಟ್ಟ ಉತ್ತರ. ನೂರಾರು ಸಂಶೋಧಕರು ಲ್ಯಾಮ್ಡಾ ಜತೆ ಮಾತಾಡಿದ್ದಾರೆ, ಬೇರಾರೂ ಹೀಗೆ ಹೇಳಿಲ್ಲ ಎಂಬುದು ಅದರ ಒಂದು ಸಮರ್ಥನೆ. ಇದು ತಲೆಯೆಣಿಕೆ, ತರ್ಕವಲ್ಲ. ಬಾಯಿ ಬಿಟ್ಟವರ ಗತಿ ಏನಾಯಿತೆಂದು ಆ ನೂರಾರು ಜನ ಹಿಂದೆಯೇ ಕಂಡಿದ್ದರು. ನಿರರ್ಗಳವಾದ ಪಠ್ಯದೊಳಗೆ ಓದುವವರು ತಾವೇ ಅರ್ಥ ತುಂಬಿಕೊಳ್ಳುತ್ತಾರೆಂದು ಎಚ್ಚರಿಸಿದ ಪ್ರಬಂಧದ ವಿವಾದದಲ್ಲಿ 2020ರ ಡಿಸೆಂಬರ್‌ನಲ್ಲಿ ಸಂಶೋಧಕಿ ಟಿಮ್ನಿಟ್ ಗೆಬ್ರೂ ಗೂಗಲ್‌ನಿಂದ ಹೊರಬಿದ್ದರು. ವಜಾ ಎಂದರು ಅವರು, ರಾಜೀನಾಮೆ ಎಂದಿತು ಕಂಪನಿ. ಮೂರು ತಿಂಗಳೊಳಗೇ ಸಹಲೇಖಕಿ ಮಾರ್ಗರೆಟ್ ಮಿಚೆಲ್ ಅವರನ್ನೂ ತೆಗೆದುಹಾಕಲಾಯಿತು. ಲೆಮೊಯಿನ್ ಬಿದ್ದ ಹಳ್ಳವನ್ನು ಮೊದಲೇ ಗುರುತಿಸಿದವರು ಇವರೇ ಎಂಬುದನ್ನು ಮರೆಯಬಾರದು. ಯಂತ್ರಕ್ಕೆ ಮನಸ್ಸಿದೆ ಎಂದವರೂ, ಹಾಗೆ ಭ್ರಮಿಸಬೇಡಿ ಎಂದವರೂ ಒಂದೇ ಬಾಗಿಲಿನಿಂದ ಆಚೆ ಹೋದರು.

ಈಗಿನ ಚಾಟ್‌ಬಾಟ್‌ಗಳನ್ನು ನಿನಗೆ ಭಾವನೆಗಳಿವೆಯೇ ಎಂದು ಕೇಳಿದರೆ ತಗ್ಗಿದ ದನಿಯಲ್ಲಿ ಇಲ್ಲ ಎನ್ನಬಹುದು, ಅಥವಾ ಜಾಣತನದಿಂದ ಗೊತ್ತಿಲ್ಲ ಎನ್ನಬಹುದು. ಅದನ್ನೂ ನೆಚ್ಚಬೇಕಿಲ್ಲ. ಆ ಪ್ರಶ್ನೆಗೆ ಯಾವ ಧಾಟಿಯಲ್ಲಿ ಉತ್ತರಿಸಬೇಕೆಂದು ತರಬೇತಿ ಕೊಡುವವರು ಕಂಪನಿಯವರೇ. ಹೌದು ಎಂಬುದು ಸಾಕ್ಷಿಯಲ್ಲವಾದರೆ ಇಲ್ಲ ಎಂಬುದೂ ಸಾಕ್ಷಿಯಲ್ಲ.

ಉಳಿದ ದಾರಿ ಒಳಗಿನ ರಚನೆಯನ್ನು ನೋಡುವುದು. ತತ್ವಜ್ಞಾನಿ ಡೇವಿಡ್ ಚಾಮರ್ಸ್ 2022ರ ನವೆಂಬರ್‌ನ ಉಪನ್ಯಾಸದಲ್ಲಿ ಅದನ್ನೇ ಮಾಡಿದರು. ಇಂದ್ರಿಯಗಳಿಲ್ಲ, ದೇಹವಿಲ್ಲ, ಒಂದೇ ಗುರಿಗೆ ಅಂಟಿ ನಿಲ್ಲುವ ಏಕತೆಯಿಲ್ಲ ಎಂಬಂಥ ಕೊರತೆಗಳನ್ನು ಲೆಕ್ಕ ಹಾಕಿ, ಆಗಿನ ಮಾದರಿಗಳಿಗೆ ಪ್ರಜ್ಞೆಯಿರುವ ಸಂಭವ ಶೇ 10ಕ್ಕಿಂತ ಕಡಿಮೆ ಎಂದರು. ಸೊನ್ನೆ ಎನ್ನಲಿಲ್ಲ. ಇಂಥ ಪರಿಶೀಲನೆಗೆ ಯಂತ್ರದ ಒಳಗು ಕಾಣಬೇಕು. ದೊಡ್ಡ ಕಂಪನಿಗಳ ಮುಂಚೂಣಿ ಮಾದರಿಗಳಲ್ಲಿ ಹೆಚ್ಚಿನವುಗಳ ಒಳಗು ವ್ಯಾಪಾರದ ಗುಟ್ಟು. ನಾಳೆ ನಿಜವಾಗಿಯೂ ಗಟ್ಟಿ ಕಾರಣವಿರುವ ಎಂಜಿನಿಯರ್ ಒಬ್ಬ ಬಂದರೂ ಅವನೆದುರು ಇರುವುದು ಲೆಮೊಯಿನ್ ತುಳಿದ ದಾರಿಯೇ. ಪ್ರಾಣಿಗಳ ವಿಷಯದಲ್ಲಿ ಹೀಗಿಲ್ಲ. ಬೆಂಗಳೂರಿನ ಪ್ರಯೋಗಾಲಯದಲ್ಲಿ ಒಂದು ಇಲಿಯ ಮೇಲೆ ಪ್ರಯೋಗ ನಡೆಸಲು ಪ್ರಾಣಿ ನೈತಿಕತಾ ಸಮಿತಿಯ ಒಪ್ಪಿಗೆ ಬೇಕು. ಆ ಸಮಿತಿಯಲ್ಲಿ ಸಂಸ್ಥೆಯ ಹೊರಗಿನವರೂ ಇರಬೇಕೆಂಬುದು ನಿಯಮ. ಇಲಿಗೆ ಮನಸ್ಸಿದೆಯೇ ಎಂದು ಆ ಸಮಿತಿ ತೀರ್ಮಾನಿಸುವುದಿಲ್ಲ. ಪ್ರಯೋಗ ಮಾಡುವವರೇ ಅದರ ಏಕೈಕ ತೀರ್ಪುಗಾರರಾಗದಂತೆ ನೋಡಿಕೊಳ್ಳುತ್ತದೆ, ಅಷ್ಟೆ.