ಮೊದಲು ಷಡ್ಜ ಎಲ್ಲಿದೆ ಅಂತ ಕೇಳಲಿ

ಹೋದ ತಿಂಗಳು ನನ್ನ ಸೋದರಮಾವ ಹಾಡಿದ ನಾಲ್ಕು ನಿಮಿಷದ ಹಿಂದೋಳ ಆಲಾಪನೆಯನ್ನು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿದೆ. ಶ್ರುತಿ ಇ. ತಂಬೂರಿ ಅವರ ಹೆಡ್‌ಫೋನಿನಲ್ಲಿತ್ತು, ಟ್ರ್ಯಾಕಿನಲ್ಲಿ ಬರೀ ದನಿ. ಕೆಳಗೆ ಒಂದಿಷ್ಟು ಕಾರ್ಡ್ಸ್ ಹಾಕೋಣ ಅಂತ ಪ್ರಾಜೆಕ್ಟಿನ ಕೀ ಪತ್ತೆ ಮಾಡುವ ಬಟನ್ ಒತ್ತಿದೆ. ಥಟ್ಟನೆ ಉತ್ತರ ಬಂತು: ಸಿ ಮೇಜರ್. ನಾನೂ ತಲೆ ಕೆಡಿಸಿಕೊಳ್ಳದೆ ಅದೇ ಸ್ಕೇಲನ್ನು ಪಿಚ್ ಕರೆಕ್ಷನ್‌ಗೆ ಕೊಟ್ಟು ಫೈಲ್ ಕಳಿಸಿಬಿಟ್ಟೆ. ಮಾವ ಕೇಳಿಸಿಕೊಂಡು ಫೋನ್ ಮಾಡಿದ್ರು. "ನಡುವೆ ಪಂಚಮ ಹಾಡಿದ್ದು ಯಾರೋ?"

ಹಿಂದೋಳದಲ್ಲಿ ರಿಷಭವೂ ಇಲ್ಲ, ಪಂಚಮವೂ ಇಲ್ಲ. ಇ ಷಡ್ಜವಾದರೆ ಅದರ ಐದು ಸ್ವರಗಳು ಇ, ಜಿ, ಎ, ಸಿ, ಡಿ. ಐದೂ ಸಿ ಮೇಜರ್ ಒಳಗೇ ಇವೆ ನಿಜ. ಆದರೆ ಆ ಸ್ಕೇಲಿನಲ್ಲಿ ಎಫ್ ಮತ್ತು ಬಿ ಕೂಡ ಇವೆಯಲ್ಲ! ಮಧ್ಯಮದಿಂದ ಧೈವತಕ್ಕೆ ಜಾರುವಾಗ ದನಿ ಬಿ ಮೇಲೆ ಹಾದುಹೋಗಲೇಬೇಕು. ಮಾವನಿಗೆ ಅದು ಬರೀ ದಾರಿ. ಸಾಫ್ಟ್‌ವೇರ್ ಅಲ್ಲಿ ಬಸ್‌ಸ್ಟಾಪ್ ಇದೆ ಅಂದುಕೊಂಡು ದನಿಯನ್ನು ನಿಲ್ಲಿಸಿಬಿಟ್ಟಿತ್ತು. ಐವತ್ತು ವರ್ಷ ಹಾಡಿದವರ ಬಾಯಲ್ಲಿ ಅಪಸ್ವರ ಇಟ್ಟಿದ್ದು ನಾನು.

ತಪ್ಪು ನನ್ನದೂ ಹೌದು. ಆದರೆ ಈ ಬಟನ್ ಒಳಗೆ ಏನಿದೆ ನೋಡಿ. ಹಳೆಯ, ಚಾಲ್ತಿಯಲ್ಲಿರುವ ವಿಧಾನ ಸರಳ. ಆಡಿಯೋವನ್ನು ಚೂರು ಚೂರು ಮಾಡಿ, ಯಾವ ಕಂಪನಾಂಕ ಎಷ್ಟಿದೆ ಅಂತ ಅಳೆದು, ಎಲ್ಲ ಸ್ಥಾಯಿಗಳನ್ನೂ ಮಡಚಿ 12 ಡಬ್ಬಗಳಿಗೆ ತುಂಬುತ್ತಾರೆ. ಆಮೇಲೆ ಆ 12 ಅಂಕಿಗಳನ್ನು 24 ಅಚ್ಚುಗಳ ಜೊತೆ ಹೋಲಿಸ್ತಾರೆ, 12 ಮೇಜರ್, 12 ಮೈನರ್. ಹೆಚ್ಚು ಹೊಂದಿದ್ದೇ ಉತ್ತರ. ನಾವು ಆಫೀಸಿನಲ್ಲಿ ಬರೆಯೋ ಕ್ಲಾಸಿಫೈಯರ್ ಥರಾನೇ: 24 ಲೇಬಲ್, 'ಇವು ಯಾವುದೂ ಅಲ್ಲ' ಅನ್ನೋ 25ನೆಯದು ಇಲ್ಲ. ಬೆಕ್ಕು-ನಾಯಿ ಮಾತ್ರ ಗೊತ್ತಿರುವ ಮಾಡೆಲ್‌ಗೆ ಆನೆ ತೋರಿಸಿದರೆ ನಾಯಿ ಅನ್ನುತ್ತಲ್ಲ, ಹಾಗೆ.

ನಮ್ಮ 72 ಮೇಳಕರ್ತಗಳಲ್ಲಿ ಮೇಜರ್ ಅಂದ್ರೆ 29ನೆಯ ಧೀರಶಂಕರಾಭರಣ, ಸಹಜ ಮೈನರ್ ಅಂದ್ರೆ 20ನೆಯ ನಠಭೈರವಿ. 72 ಮನೆಯ ಬೀದಿಯಲ್ಲಿ ಇದಕ್ಕೆ ಹೆಚ್ಚುಕಮ್ಮಿ ಎರಡು ಮನೆಯ ವಿಳಾಸ ಗೊತ್ತು. ಇನ್ನೂ ದೊಡ್ಡ ತೊಂದರೆ ಬೇರೆ ಇದೆ. ಸಿ, ಡಿ, ಇ, ಜಿ, ಎ ಇವನ್ನೇ ಇಟ್ಟುಕೊಂಡು ಸಿ ಷಡ್ಜ ಮಾಡಿದರೆ ಮೋಹನ, ಡಿ ಮಾಡಿದರೆ ಮಧ್ಯಮಾವತಿ, ಇ ಮಾಡಿದರೆ ಹಿಂದೋಳ, ಜಿ ಮಾಡಿದರೆ ಶುದ್ಧ ಸಾವೇರಿ, ಎ ಮಾಡಿದರೆ ಶುದ್ಧ ಧನ್ಯಾಸಿ. ಗ್ರಹಭೇದ ಕಲಿತ ಹುಡುಗರಿಗೂ ಇದು ಗೊತ್ತು. ಸ್ವರಗಳ ಎಣಿಕೆ ಒಂದರಿಂದಲೇ ಷಡ್ಜ ಸಿಗೋಲ್ಲ. ಅದನ್ನು ಹೇಳೋದು ತಂಬೂರಿ, ಅಥವಾ ಹಾಡುವವರು.

ವಿಜ್ಞಾನಿಗಳಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಆ ಅಚ್ಚುಗಳ ಮೂಲ ಕ್ಯಾರಲ್ ಕ್ರುಮ್‌ಹಾನ್ಸಲ್ ಮತ್ತು ಎಡ್ವರ್ಡ್ ಕೆಸ್ಲರ್ 1982ರಲ್ಲಿ ಪ್ರಕಟಿಸಿದ ಪ್ರಯೋಗ. ಪಾಶ್ಚಾತ್ಯ ಸಂಗೀತದ ಕೇಳುಗರಿಗೆ ಒಂದು ಸಂದರ್ಭ ನುಡಿಸಿ, ನಂತರ ಒಂದು ಸ್ವರ ಕೇಳಿಸಿ, ಎಷ್ಟು ಒಪ್ಪುತ್ತೆ ಅಂತ ಅಂಕ ಕೇಳಿದ್ದರು. ಅದೇ ಕ್ರುಮ್‌ಹಾನ್ಸಲ್ 1984ರಲ್ಲಿ ಸಹೋದ್ಯೋಗಿಗಳ ಜೊತೆ ಹಿಂದೂಸ್ತಾನಿಯ 10 ರಾಗಗಳ ಮೇಲೂ ಇಂಥದೇ ಅಧ್ಯಯನ ಪ್ರಕಟಿಸಿದರು. ಮೊದಲನೆಯದು ಪ್ಲಗಿನ್‌ಗಳಿಗೆ ಇಳಿಯಿತು, ಎರಡನೆಯದು ಜರ್ನಲಿನಲ್ಲೇ ಉಳಿಯಿತು. ಇನ್ನು, ಈ ಕ್ಷೇತ್ರದ ಮಿರೆಕ್ಸ್ ಪರೀಕ್ಷೆಯಲ್ಲಿ ಸಿ ಮೇಜರ್ ಹಾಡನ್ನು ಎ ಮೈನರ್ ಅಂದರೂ 0.3 ಅಂಕ ಸಿಗುತ್ತೆ. ಗೊಂದಲ ಸಹಜ ಅಂತ ತಜ್ಞರೇ ಒಪ್ಪಿದ್ದಾರೆ. ನಮ್ಮ ಪರದೆಯ ಮೇಲೆ ಮಾತ್ರ ಆ ಗೊಂದಲದ ಸುಳಿವೂ ಇರಲ್ಲ, ದಪ್ಪಕ್ಷರದ ಒಂದು ಉತ್ತರ ಅಷ್ಟೇ.

ಡಿಜೆ ಗೆಳೆಯರು ಹೇಳ್ತಾರೆ, 'ನಮಗೆ ಚೆನ್ನಾಗೇ ಕೆಲಸ ಮಾಡುತ್ತೆ ಗುರು.' ಮಾಡುತ್ತೆ, ಒಪ್ಪಿದೆ. ಎರಡು ಹೌಸ್ ಟ್ರ್ಯಾಕ್‌ಗಳನ್ನು ಜಗಳವಿಲ್ಲದೆ ಜೋಡಿಸಲು ಇದು ಸಾಕು, ಆ ಸಂಗೀತ ಬಹುಪಾಲು ಆ 24ರೊಳಗೇ ಹುಟ್ಟಿದ್ದು. ನನ್ನ ಜಗಳ ಉಪಕರಣದ ಮಿತಿಯ ಮೇಲಲ್ಲ, ಮಿತಿಯನ್ನು ಮುಚ್ಚಿಡೋದರ ಮೇಲೆ. ಥರ್ಮಾಮೀಟರ್ 42ರವರೆಗೇ ಅಳೆಯುತ್ತೆ ಅಂದರೆ ಅಷ್ಟನ್ನು ಅದರ ಮೇಲೆ ಬರೆದಿರ್ತಾರೆ.

ನಾನು ಕೇಳ್ತಿರೋದು ಮೂರೇ. ಒಂದು, ಹೊಂದಾಣಿಕೆ ಕಡಿಮೆಯಿದ್ದರೆ 'ಗೊತ್ತಿಲ್ಲ' ಅನ್ನಲಿ. ಎರಡು, ಮೊದಲ ಆಯ್ಕೆಯ ಜೊತೆ ಎರಡನೆಯದನ್ನೂ, ನಡುವಿನ ಅಂತರವನ್ನೂ ತೋರಿಸಲಿ. ಮೂರು, ಷಡ್ಜ ಎಲ್ಲಿದೆ ಅಂತ ಮೊದಲು ಬಳಸುವವರನ್ನು ಕೇಳಲಿ, ಯಾವ ಸ್ವರಗಳಿವೆ ಅಂತ ಅವರೇ ಗುರುತು ಹಾಕಲಿ. ಇದಕ್ಕೆ ಹೊಸ ಸಂಶೋಧನೆ ಬೇಕಿಲ್ಲ, ಒಂದು ಡ್ರಾಪ್‌ಡೌನ್, ಹನ್ನೆರಡು ಚೆಕ್‌ಬಾಕ್ಸ್ ಸಾಕು. ನಮ್ಮಲ್ಲೇ ಎಷ್ಟೋ ಜನ ಇದನ್ನು ಒಂದು ಸ್ಪ್ರಿಂಟ್‌ನಲ್ಲಿ ಬರೆದು ಮುಗಿಸ್ತೀವಿ.

ಮಾವನ ಫೈಲನ್ನು ಮತ್ತೆ ತೆಗೆದೆ. ಪಿಚ್ ಕರೆಕ್ಷನ್ ಕಿತ್ತುಹಾಕಿದೆ, ಕಾರ್ಡ್ಸ್ ಕೂಡ. ಕೆಳಗೆ ಷಡ್ಜ-ಮಧ್ಯಮದ ತಂಬೂರಿ ಹಾಕಿ ಕಳಿಸಿದೆ. ಈ ಸಲ ಮಾವ ಪ್ರಶ್ನೆ ಕೇಳಲಿಲ್ಲ. ಕೀ ಪತ್ತೆಯ ಜಾಗದಲ್ಲಿ ಮಾತ್ರ ಇವತ್ತಿಗೂ ಸಿ ಮೇಜರ್ ಅಂತಲೇ ಇದೆ.