ಪಾರ್ಶ್ವವಾಯು ರೋಗಿಗಳಿಗೆ ಮನೆಯಲ್ಲೂ ಶುಶ್ರೂಷೆ ಸಿಗಲಿ



ಪಾರ್ಶ್ವವಾಯು ಬಡಿದ ನಮ್ಮ ಅತ್ತೆಯವರನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಮೂಗಿನಲ್ಲಿ ಊಟದ ಪೈಪ್ ಇತ್ತು, ಮೂತ್ರಕ್ಕೆ ಚೀಲವಿತ್ತು. ನಮ್ಮ ಕೈಗೆ ಸಿಕ್ಕಿದ್ದು ಮಾತ್ರೆಯ ಚೀಟಿ ಮಾತ್ರ. ನರ್ಸ್‌ಗಳು ಅಕ್ಕರೆಯಿಂದಲೇ ನೋಡಿಕೊಂಡಿದ್ದರು. ಆದರೆ ವಾರ್ಡ್ ತುಂಬ ರೋಗಿಗಳಿರುವಾಗ ನಮಗೆ ಕಲಿಸಲು ಅವರಿಗೆ ಬಿಡುವೆಲ್ಲಿ? ಪೈಪ್‌ನಲ್ಲಿ ಗಂಜಿ ಹಾಕುವಾಗ ತಲೆಯ ಭಾಗ ಎತ್ತರಿಸಿರಬೇಕು, ಹಾಕಿದ ಮೇಲೂ ಅರ್ಧ ಗಂಟೆಯಾದರೂ ಹಾಗೇ ಇರಿಸಬೇಕು, ಇಲ್ಲವಾದರೆ ಅದು ಶ್ವಾಸಕೋಶಕ್ಕೆ ಹೋದೀತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇದೆಲ್ಲ ನಮಗೆ ತಿಳಿದದ್ದು ಸೊಂಟದ ಕೆಳಗೆ ಹುಣ್ಣಾದ ಮೇಲೆ, ನಮ್ಮ ಬೀದಿಯ ನಿವೃತ್ತ ನರ್ಸ್ ಒಬ್ಬರಿಂದ.

ನಿಮ್ಹಾನ್ಸ್ ಸಹಯೋಗದಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ ಆರಂಭಿಸಿರುವುದು ನಿಜಕ್ಕೂ ಒಳ್ಳೆಯ ಕೆಲಸ. ಅಲ್ಲಿ ನರರೋಗಿಗಳ ಆರೈಕೆಯಲ್ಲಿ ತರಬೇತಿ ಪಡೆದ ನರ್ಸ್‌ಗಳು ಸಾಕಷ್ಟು ಇರುವಂತೆ ಸರ್ಕಾರ ನೋಡಿಕೊಳ್ಳಲಿ. ಮನೆಗೆ ಕಳಿಸುವ ಮುನ್ನ ಮನೆಯವರ ಕೈಯಲ್ಲೇ ಮಾಡಿಸಿ ಕಲಿಸುವುದು ಕಡ್ಡಾಯವಾಗಲಿ. ಮೊದಲ ತಿಂಗಳಾದರೂ ವಾರಕ್ಕೊಮ್ಮೆ ಸಮುದಾಯ ಆರೋಗ್ಯಾಧಿಕಾರಿ ಮನೆಗೆ ಬಂದು ನೋಡುವಂತಾಗಲಿ. ಪೈಪ್ ಬದಲಿಸಲೆಂದೇ ಎದ್ದು ಕೂರಲಾಗದವರನ್ನು ಆಟೊದಲ್ಲಿ ಮಲಗಿಸಿಕೊಂಡು ಹೋಗುವ ಪಾಡು ತಪ್ಪಬೇಕು. ಆರೋಗ್ಯ ಇಲಾಖೆ ಇತ್ತ ಗಮನ ಹರಿಸಬೇಕೆಂದು ಕೋರುತ್ತೇನೆ.

ಓರ್ವ ಓದುಗಿ, ತೀರ್ಥಹಳ್ಳಿ